ನಾಲ್ಕನೇ ಕಂಟ್ರೋಲರ್

ಹೋದ ತಿಂಗಳು ಈ ಪುಟದಲ್ಲಿ ಗ್ರಾಚ್ಯುಟಿ ಲೆಕ್ಕ ಹಾಕೋದು ಹೇಗೆ ಅಂತ ಬರೆದಿದ್ದೆವು. ಅದಕ್ಕೆ ಬಂದ ಫೋನುಗಳಿಗೆಲ್ಲ ಉತ್ತರ ಕೊಟ್ಟು ಮುಗಿಸಿದ್ದೇವೆ. ಈ ಸಲ ಸಂಬಳ-ಲೆಕ್ಕ ಬೇಡ. ನಮ್ಮ ರೂಮಿನಲ್ಲಿ ನಾಲ್ಕು ಭಾನುವಾರ ತಿಂದ ಒಂದು ರಿಪೇರಿಯ ಕಥೆ ಬರೆಯುತ್ತೇವೆ. ಟೀವಿ ಗೇಮಿನ ವಿಚಾರ. ನಲವತ್ತು ದಾಟಿದವರಿಗೆ ಟೀವಿ ಗೇಮ್ ಯಾಕೆ ಸ್ವಾಮಿ ಅಂತ ಕೇಳುವವರು ಒಂದು ಭಾನುವಾರ ಸಂಜೆ ಸೋನಾಪುರಕ್ಕೆ ಬಂದು, ಕ್ಯಾಂಪಿನ ಮಂಚದ ಮೇಲೆ ಒಂದು ಗಂಟೆ ಸುಮ್ಮನೆ ಕೂತು ನೋಡಲಿ.

ನಮ್ಮ ರೂಮಿನಲ್ಲಿ ಆರು ಮಂಚ. ಇಬ್ಬರು ತೆಲಂಗಾಣದವರು, ಅವರದು ರಾತ್ರಿ ಡ್ಯೂಟಿ. ಉಳಿದ ನಾಲ್ವರು ಕನ್ನಡದವರು: ಕಾರ್ಕಳ ಕಡೆಯ ಎಲೆಕ್ಟ್ರಿಶಿಯನ್ ಹುಡುಗ, ಹಾಸನದ ಪ್ಲಂಬರ್, ಸ್ಕ್ಯಾಫೋಲ್ಡಿಂಗ್ ಕೆಲಸದ ಗದಗಿನ ಕಾಕಾ, ಆಮೇಲೆ ಟೈಮ್‌ಶೀಟ್ ಬರೆಯುವ ನಾವು. ಮೊದಲು ಇದೇ ರೂಮಿನಲ್ಲಿದ್ದ ಒಬ್ಬ ಡ್ರಾಫ್ಟ್ಸ್‌ಮನ್ ಕೆಲಸ ಬಿಟ್ಟು ಊರಿಗೆ ಹೋಗುವಾಗ ತನ್ನ ರಾಸ್ಪ್‌ಬೆರಿ ಪೈ ಬಿಟ್ಟುಹೋದ. ಅಂಗೈಯಷ್ಟು ದೊಡ್ಡ ಕಂಪ್ಯೂಟರ್ ಅದು. 2016ರಲ್ಲಿ ಬಂದ ಮೂರನೇ ಮಾಡೆಲ್. ಎಸ್‌ಡಿ ಕಾರ್ಡಿನಲ್ಲಿ ರೆಟ್ರೋಪೈ ಅನ್ನುವ ಸಾಫ್ಟ್‌ವೇರ್ ಹಾಕಿದರೆ ಹಳೇ ಕಾಲದ ಗೇಮ್ ಮಷೀನುಗಳ ವೇಷ ಹಾಕಿಕೊಂಡು ಆ ಗೇಮುಗಳನ್ನು ಆಡಿಸುತ್ತದೆ. ಜೊತೆಗೆ ಎರಡು ಕಂಟ್ರೋಲರ್ ಇದ್ದವು.

ಎರಡೇ ಇದ್ದದ್ದು, ತಕರಾರು ಶುರುವಾಗಿದ್ದು ಅಲ್ಲೇ. ಸೋತವನು ಬಿಟ್ಟುಕೊಡಬೇಕು ಅಂತ ನಿಯಮ ಮಾಡಿದೆವು. ಹುಡುಗರಿಬ್ಬರೂ ಚುರುಕು, ಅವರು ಸೋಲೋದೇ ಇಲ್ಲ. ನಮ್ಮ ಪಾಳಿ ಬಂದರೆ ಎರಡು ನಿಮಿಷ. ಕಾಕಾ ಅಂತೂ ಕಂಟ್ರೋಲರ್ ಮುಟ್ಟಿದ್ದೇ ಇಲ್ಲ. "ನೀವ್ ಆಡ್ರಿ, ನಾ ನೋಡ್ತೀನಿ" ಅಂತ ಬೀಡಾ ಮಡಚುತ್ತ ಕೂರುತ್ತಿದ್ದರು. ನಮಗೆ ತೊಂಬತ್ತರ ದಶಕ ನೆನಪಾಗುತ್ತಿತ್ತು. ಆಗ ನಮ್ಮೂರಿಗೂ ಟೀವಿ ಗೇಮ್ ಬಂದಿತ್ತು. 1983ರಲ್ಲಿ ಜಪಾನಿನ ನಿಂಟೆಂಡೊ ತಂದ ಫ್ಯಾಮಿಕಾಮ್‌ನ ನಕಲು ಅವು ಅಂತ ಯಾರಿಗೆ ಗೊತ್ತಿತ್ತು? ಕಾಂಟ್ರಾ, ಟ್ಯಾಂಕ್ ಗೇಮ್ ಎಲ್ಲ ಇಬ್ಬರ ಆಟ. ಗೇಮ್ ಇದ್ದ ಮನೆಯ ಹುಡುಗ ಒಬ್ಬ, ಅವನ ಖಾಸಾ ಗೆಳೆಯ ಒಬ್ಬ. ಉಳಿದವರು ಗೋಡೆಗೆ ಒರಗಿ ನಿಂತಿರಬೇಕು. ನಾವು ಗೋಡೆ ಕಡೆಯವರು.

ಒಂದು ರಾತ್ರಿ ಕಾಕಾ ಹೇಳಿದರು: "ಕ್ಯಾನ್ಸಲ್ ಮಾಡಾಕ ಕೊಟ್ಟೀನ್ರಿ ಸರ, ಮುಂದಿನ ತಿಂಗಳ ಊರಿಗೆ." ಹದಿನಾಲ್ಕು ವರ್ಷದ ದುಬೈ ಮುಗಿಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಮಾತು: "ನನ್ನ ಮಗ ಇದೇ ಆಟ ಮೊಬೈಲಾಗ ಆಡ್ತಾನಂತ. ಫೋನ್ ಮಾಡಿದ್ರ ಅದನ್ನ ಹೇಳ್ತಾನ. ನನಗೇನ್ ತಿಳೀತದ, ಹೂಂ ಅಂತೀನಿ." ಅವತ್ತೇ ಹುಡುಗರು ತೀರ್ಮಾನ ಮಾಡಿದರು. ಕಾಕಾ ಹೋಗೋದರೊಳಗೆ ನಾಲ್ವರೂ ಒಟ್ಟಿಗೆ ಆಡಬೇಕು.

ಪೈಯಲ್ಲಿ ಯುಎಸ್‌ಬಿ ತೂತು ನಾಲ್ಕಿವೆ. ಹಾಗಾದರೆ ಇನ್ನೆರಡು ಕಂಟ್ರೋಲರ್ ತಂದು ಚುಚ್ಚಿದರೆ ಆಯ್ತಲ್ಲ ಅಂದುಕೊಂಡೆವು. ನಾಲ್ವರೂ ದುಡ್ಡು ಹಾಕಿ, ಒಂದು ಅಂಗಡಿಯಲ್ಲಿ ಜೋಡಿ ಕಂಟ್ರೋಲರ್ ತಂದೆವು. ಒಂದೇ ಪ್ಲಗ್, ಅದರಿಂದ ಎರಡು ವಯರ್, ಎರಡು ಕಂಟ್ರೋಲರ್. ಚುಚ್ಚಿ ನೋಡಿದರೆ ಎರಡೂ ಒಂದೇ ಬೊಂಬೆಯನ್ನು ಎಳೆದಾಡುತ್ತಿವೆ! ಹಾಸನದವನು ಎಡಕ್ಕೆ, ಕಾಕಾ ಬಲಕ್ಕೆ. ವಾಪಸ್ ಕೊಡೋಕೆ ಹೋದರೆ ಅಂಗಡಿಯವನು ಬಿಲ್ಲನ್ನು ನೋಡಲೂ ಇಲ್ಲ.

ವಿಷಯ ಇಷ್ಟು: ಪ್ಲಗ್ ಒಂದೇ ಆದ್ದರಿಂದ ಮಷೀನು ಅದನ್ನು ಒಂದೇ ವಸ್ತು ಅಂತ ತಿಳಿಯುತ್ತದೆ. ಒಂದು ಐಡಿಯಲ್ಲಿ ಇಬ್ಬರ ಹಾಜರಿ ಹಾಕಿದ ಹಾಗೆ. ಇದಕ್ಕೆ ಮದ್ದು ಇದೆ. ಎಸ್‌ಡಿ ಕಾರ್ಡಿನಲ್ಲಿ ಸಿಎಂಡಿಲೈನ್ ಅನ್ನುವ ಫೈಲಿದೆ. ಅದರ ಕೊನೆಗೆ 'ಯುಎಸ್‌ಬಿಎಚ್‌ಐಡಿ ಡಾಟ್ ಕ್ವರ್ಕ್ಸ್' ಅನ್ನುವ ಮಾತು, ಆ ಕಂಟ್ರೋಲರಿನ ಎರಡು ಗುರುತಿನ ನಂಬರು, ಆಮೇಲೆ 0ಎಕ್ಸ್040 ಅಂತ ಸೇರಿಸಬೇಕು. ಇದು ಬೇರೆ ಬೇರೆ ಎರಡು ಅಂತ ಮಷೀನಿಗೆ ತಿಳಿಸಿ ಹೇಳಿದಂತೆ. ಆ ಫೈಲಿನಲ್ಲಿ ಇರೋದು ಒಂದೇ ಸಾಲು. ಹೊಸದನ್ನು ಅದೇ ಸಾಲಿನಲ್ಲಿ ಜಾಗ ಬಿಟ್ಟು ಬರೆಯಬೇಕು, ಎಂಟರ್ ಒತ್ತಿ ಕೆಳಗೆ ಬರೆಯಬಾರದು. ಕಾರ್ಕಳದ ಹುಡುಗ ಒತ್ತಿದ. ಒಂದು ಭಾನುವಾರ ಹೋಯ್ತು.

ಎರಡನೇ ಭಾನುವಾರ ಎಲ್ಲ ಚುಚ್ಚಿ ಆನ್ ಮಾಡಿದರೆ ಟೀವಿಯ ಮೇಲ್ಮೂಲೆಯಲ್ಲಿ ಹಳದಿ ಮಿಂಚಿನ ಗುರುತು. ಆಡುತ್ತಾ ಆಡುತ್ತಾ ಕಂಟ್ರೋಲರುಗಳು ಬಿಟ್ಟುಬಿಟ್ಟು ಸಾಯುತ್ತಿದ್ದವು. ಆ ಮಿಂಚು ಕಂಡರೆ ಪೈಗೆ ಕರೆಂಟು ಸಾಲುತ್ತಿಲ್ಲ ಅಂತ ಅರ್ಥ. ನಾವು ಹಾಕಿದ್ದು ಮೊಬೈಲ್ ಚಾರ್ಜರ್. ಈ ಮಾಡೆಲ್ಲಿಗೆ 5 ವೋಲ್ಟ್, 2.5 ಆಂಪಿಯರ್ ಬೇಕು. "ನಾನು ಎಲೆಕ್ಟ್ರಿಶಿಯನ್ ಮಾರಾಯ್ರೆ, ನಂಗೆ ಮೊದ್ಲೇ ಹೊಳೀಬೇಕಿತ್ತು" ಅಂತ ಹುಡುಗ ತಲೆ ಚಚ್ಚಿಕೊಂಡ. ಸರಿಯಾದ ಅಡಾಪ್ಟರ್ ತಂದಮೇಲೆ ಮಿಂಚು ಹೋಯ್ತು.

ಆದರೂ ಸೂಪರ್ ಬಾಂಬರ್‌ಮ್ಯಾನ್ ಹಾಕಿದರೆ ಆಡೋದು ಇಬ್ಬರೇ. ಇಲ್ಲಿ ನಮ್ಮ ಬಿಕಾಂ ಕೆಲಸಕ್ಕೆ ಬಂತು ಅಂತ ಸ್ವಲ್ಪ ಜಂಬದಿಂದಲೇ ಹೇಳುತ್ತೇವೆ. ಬ್ಯಾಂಕ್ ಪುಸ್ತಕಕ್ಕೂ ನಮ್ಮ ಪುಸ್ತಕಕ್ಕೂ ತಾಳೆ ಆಗದಿದ್ದರೆ ತಪ್ಪು ಯಾವ ಪುಸ್ತಕದಲ್ಲಿ ಅನ್ನೋದನ್ನು ಮೊದಲು ಹುಡುಕಬೇಕು. ಹಾಗೆ ಬೇರೆ ಒಂದು ಗೇಮ್ ಹಾಕಿ ನೋಡಿದೆವು. ಮಿಸ್ಟರ್ ಬೂಮ್ ಅಂತ. ಅದೂ ಬಾಂಬ್ ಇಡುವ ಆಟವೇ, ಎಂಟು ಜನರ ತನಕ ಆಡಬಹುದು, ಉಚಿತ, ರೆಟ್ರೋಆರ್ಚ್ ಒಳಗೇ ಸಿಗುತ್ತದೆ. ಅದರಲ್ಲಿ ನಾಲ್ಕು ಕಂಟ್ರೋಲರಿಗೆ ನಾಲ್ಕು ಬೊಂಬೆ ಓಡಿದವು. ಅಂದರೆ ಕಂಟ್ರೋಲರ್ ಸರಿ, ವಯರ್ ಸರಿ, ಕರೆಂಟ್ ಸರಿ. ತಪ್ಪು ಇರೋದು ಆ ಇನ್ನೊಂದು ಗೇಮಿನ ಸೆಟ್ಟಿಂಗಿನಲ್ಲಿ. (ಕಾರ್ಡಿನಲ್ಲಿದ್ದ ಹಳೇ ಗೇಮುಗಳ ಮೇಲೆ ಕಂಪನಿಗಳ ಹಕ್ಕು ಇನ್ನೂ ಇದೆ. ಅದನ್ನು ಕಾಪಿ ಮಾಡಿ ಕೊಡಿ ಅಂತ ನಮ್ಮನ್ನು ಯಾರೂ ಕೇಳಬೇಡಿ. ಹೊಸದಾಗಿ ಶುರು ಮಾಡುವವರಿಗೆ ಮಿಸ್ಟರ್ ಬೂಮ್ ಸಾಕು.)

ಕಾರಣ ಹುಡುಕಿದಾಗ ಸಿಕ್ಕಿದ್ದು ಹಳೇ ಕಾಲದ ಒಂದು ಜಾಣತನ. ನಿಂಟೆಂಡೊದ ಸೂಪರ್ ಮಷೀನು 1990ರಲ್ಲಿ ಬಂದಾಗ ಅದಕ್ಕೆ ಕಂಟ್ರೋಲರ್ ಜಾಗ ಎರಡೇ. 1993ರಲ್ಲಿ ಹಡ್ಸನ್ ಸಾಫ್ಟ್ ಕಂಪನಿ ನಾಲ್ವರು ಆಡುವ ಬಾಂಬರ್‌ಮ್ಯಾನ್ ಮಾಡಿತು. ಜಾಗ ಎರಡು, ಜನ ನಾಲ್ಕು. ಅದಕ್ಕೆ ಮಲ್ಟಿಟ್ಯಾಪ್ ಅನ್ನುವ ಡಬ್ಬಿ ತಂದರು. ಮೊದಲನೆಯವನು ಒಂದನೇ ಜಾಗದಲ್ಲಿ. ಎರಡನೇ ಜಾಗಕ್ಕೆ ಈ ಡಬ್ಬಿ, ಉಳಿದವರೆಲ್ಲ ಡಬ್ಬಿಗೆ. ಮೆಸ್ಸಿನಲ್ಲಿ ಕಿಟಕಿ ಒಂದೇ ಇದ್ದರೆ ಏನು ಮಾಡುತ್ತಾರೆ? ಇಬ್ಬರ ತಟ್ಟೆ ಒಮ್ಮೆ, ಇನ್ನಿಬ್ಬರ ತಟ್ಟೆ ಮತ್ತೊಮ್ಮೆ. ಹಾಗೆಯೇ ಮಷೀನು ಒಂದು ಸನ್ನೆ ಕೊಟ್ಟು ಎರಡನೆಯ, ಮೂರನೆಯ ಕಂಟ್ರೋಲರನ್ನು ಕೇಳುತ್ತದೆ, ಸನ್ನೆ ಬದಲಿಸಿ ನಾಲ್ಕನೆಯ, ಐದನೆಯದನ್ನು ಕೇಳುತ್ತದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಇದು ಎಷ್ಟೋ ಸಲ ನಡೆದುಹೋಗುತ್ತದೆ. 1996ರಲ್ಲಿ ನಿಂಟೆಂಡೊ 64 ಬಂದಾಗ ಮಷೀನಿನ ಮೇಲೇ ನಾಲ್ಕು ಜಾಗ ಮಾಡಿದರು, ಡಬ್ಬಿಯ ಗೊಡವೆ ತಪ್ಪಿತು.

ಈಗ ನಮ್ಮ ಪೈ ಹಾಕಿಕೊಂಡಿದ್ದು ಆ ಹಳೇ ಮಷೀನಿನ ವೇಷ. ವೇಷದಲ್ಲೂ ಜಾಗ ಎರಡೇ! ಹಿಂದುಗಡೆ ನಾಲ್ಕು ತೂತಿದ್ದರೂ ಗೇಮಿಗೆ ಕಾಣೋದು ಎರಡು. ಇಲ್ಲದ ಡಬ್ಬಿಯನ್ನು ಇದೆ ಅಂತ ಹೇಳಬೇಕು. ಗೇಮ್ ನಡೆಯುವಾಗ ಸೆಲೆಕ್ಟ್ ಬಟನ್ ಹಿಡಿದು ಎಕ್ಸ್ ಒತ್ತಿದರೆ ಮೆನು ಬರುತ್ತದೆ. ಅದರಲ್ಲಿ ಕಂಟ್ರೋಲ್ಸ್, ಅದರೊಳಗೆ ಪೋರ್ಟ್ 2, ಅದರಲ್ಲಿ ಡಿವೈಸ್ ಟೈಪ್. ಅಲ್ಲಿ ಸಾದಾ ಜಾಯ್‌ಪ್ಯಾಡ್ ಅಂತ ಇರುತ್ತದೆ, ಅದನ್ನು ಮಲ್ಟಿಟ್ಯಾಪ್ ಮಾಡಬೇಕು. ಸ್ನೆಸ್9ಎಕ್ಸ್ ಅನ್ನುವ ಎಮ್ಯುಲೇಟರಿನಲ್ಲಿ ನಾವು ಮಾಡಿದ್ದು ಇಷ್ಟೇ. ಗೇಮ್ ಬಂದ್ ಮಾಡಿ ಮತ್ತೆ ಶುರು ಮಾಡಿದೆವು, ನಾಲ್ವರೂ ಬಂದರು. ಅವತ್ತು ಮಾಡಿದ ಗಲಾಟೆಗೆ ಪಕ್ಕದ ರೂಮಿನವರು ಗೋಡೆ ಬಡಿದರು.

ಮುಂದಿನ ವಾರ ಆನ್ ಮಾಡಿದರೆ ಮತ್ತೆ ಇಬ್ಬರೇ. ಬದಲಾವಣೆ ಸೇವ್ ಮಾಡಿರಲಿಲ್ಲ! ಲೆಕ್ಕದವರಾಗಿ ಈ ತಪ್ಪು ಮಾಡಿದ್ದಕ್ಕೆ ಹುಡುಗರು ಈಗಲೂ ನಗುತ್ತಾರೆ. ಅದೇ ಕಂಟ್ರೋಲ್ಸ್ ಮೆನುವಿನಲ್ಲಿ ರೀಮ್ಯಾಪ್ ಫೈಲ್ ಸೇವ್ ಮಾಡುವ ಜಾಗ ಇದೆ, ಅದನ್ನು ಒತ್ತದೆ ಹೊರಗೆ ಬರಬೇಡಿ. ಇನ್ನೊಂದು ಕಿರಿಕಿರಿ: ಕಂಟ್ರೋಲರ್ ತೆಗೆದು ಬೇರೆ ತೂತಿಗೆ ಹಾಕಿದರೆ ಒಂದನೆಯವನು ಮೂರನೆಯವನಾಗಿಬಿಡುತ್ತಾನೆ. ಕಾರ್ಕಳದವನು ಕೆಂಪು, ಹಳದಿ, ನೀಲಿ ಇನ್ಸುಲೇಶನ್ ಟೇಪ್ ತಂದು ಪ್ಲಗ್ಗಿಗೂ ತೂತಿನ ಪಕ್ಕಕ್ಕೂ ಒಂದೇ ಬಣ್ಣ ಅಂಟಿಸಿದ. ಜೋಡಿಯ ಎರಡು ಕಂಟ್ರೋಲರಿಗೆ ಮೂರು, ನಾಲ್ಕು ಅಂತ ಮಾರ್ಕರಿನಲ್ಲಿ ಬರೆದ. ನಾಲ್ಕು ಕಾಕಾನದು.

ಕಾಕಾ ಹೋಗುವ ಮುಂಚಿನ ಭಾನುವಾರ ಸಂಜೆ ಆರಕ್ಕೆ ಕೂತೆವು. ಮೊದಲ ಐದಾರು ಆಟದಲ್ಲಿ ಕಾಕಾ ತಾನೇ ಇಟ್ಟ ಬಾಂಬಿಗೆ ತಾನೇ ಸತ್ತರು. "ಎಲ್ಲಿ ಹೋದ್ನೋ ನಾನು?" ಅಂತ ಟೀವಿ ಹತ್ತಿರ ಹೋಗಿ ನೋಡೋದು ಬೇರೆ. ಏಳನೆಯದೋ ಎಂಟನೆಯದೋ ಆಟದಲ್ಲಿ ಹುಡುಗರಿಬ್ಬರೂ ಒಬ್ಬರನ್ನೊಬ್ಬರು ಮುಗಿಸಿಕೊಂಡರು. ಉಳಿದದ್ದು ನಾವು ಮತ್ತು ಕಾಕಾ. ಬಿಟ್ಟುಕೊಡೋಣ ಅಂತ ಒಂದು ಕ್ಷಣ ಅನಿಸಿದ್ದು ನಿಜ. ಬಿಟ್ಟುಕೊಡುವ ಪ್ರಸಂಗ ಬರಲಿಲ್ಲ. ಮೂಲೆಯಲ್ಲಿ ನಾವು ಸಿಕ್ಕಿಕೊಂಡಿದ್ದೆವು, ಕಾಕಾ ದಾರಿಗೆ ಅಡ್ಡ ಬಾಂಬ್ ಇಟ್ಟು ಆಚೆ ಹೋಗಿ ನಿಂತರು. ಸ್ಕ್ಯಾಫೋಲ್ಡಿಂಗ್ ಬಿಚ್ಚುವಾಗ ಯಾವ ಪೈಪ್ ಮೊದಲು, ಯಾವುದು ಆಮೇಲೆ ಅಂತ ಲೆಕ್ಕ ಇಟ್ಟ ಮನುಷ್ಯ ಅಲ್ಲವಾ.

ಕೂಡಲೇ ಮಗನಿಗೆ ವಾಯ್ಸ್ ಮೆಸೇಜ್ ಹೋಯ್ತು. ನಮ್ಮ ಹೆಸರು ಹೇಳಿ, "ಅಕೌಂಟ್ಸ್ ಸರನ್ನ ಹೊಡದೆ" ಅಂತ. ಉತ್ತರ ಬಂದಾಗ ಕಾಕಾ ಫೋನನ್ನು ಕಿವಿಗೆ ಹಿಡಿದುಕೊಂಡು ಹೊರಗೆ ಹೋದರು, ಅರ್ಧ ಗಂಟೆ ಬರಲಿಲ್ಲ.

ಮಂಗಳವಾರ ರಾತ್ರಿ ಏರ್‌ಪೋರ್ಟಿಗೆ ಬಿಟ್ಟು ಬಂದೆವು. ಅವರ ಮಂಚಕ್ಕೆ ಕೊಪ್ಪಳದ ಒಬ್ಬ ಹೊಸ ಹುಡುಗ ಬಂದಿದ್ದಾನೆ, ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ನಾಲ್ಕು ಅಂತ ಬರೆದ ಕಂಟ್ರೋಲರನ್ನು ಮೊನ್ನೆ ಭಾನುವಾರ ಅವನ ಕೈಗೆ ಕೊಟ್ಟೆವು.