ಉಬ್ಬಸದ ಲೆಕ್ಕ ಬರೆದ ವೈದ್ಯರು

ನಾಡಿ ಹಿಡಿದು, ಔಷಧ ಬರೆದುಕೊಟ್ಟು ಕೃತಾರ್ಥರಾಗುವ ವೈದ್ಯರು ನಮ್ಮಲ್ಲಿ ಅನೇಕರುಂಟು. ಒಂದೇ ವ್ಯಾಧಿಯ ಬೆನ್ನು ಹತ್ತಿ, ಐದು ವರ್ಷಗಳಿಗೊಮ್ಮೆ ಅದರ ಲೆಕ್ಕವನ್ನು ತೆಗೆಯುತ್ತ ಎರಡು ದಶಕಗಳನ್ನು ಸವೆಸಿದವರು ವಿರಳ. ಬೆಂಗಳೂರಿನ ಮಕ್ಕಳ ಶ್ವಾಸರೋಗತಜ್ಞ ಡಾ. ಎಚ್. ಪರಮೇಶ್ ಅಂತಹವರಲ್ಲೊಬ್ಬರು. ಹದಿನೆಂಟು ವರ್ಷದೊಳಗಿನ ಇಪ್ಪತ್ತು ಸಾವಿರ ಮಕ್ಕಳನ್ನು ಅವಲೋಕಿಸಿ ಅವರು ಪ್ರಕಟಿಸಿದ ಅಂಕಿಗಳಂತೆ, 1979ರಲ್ಲಿ ನೂರಕ್ಕೆ 9ರಷ್ಟಿದ್ದ ಉಬ್ಬಸವು 1999ರ ಹೊತ್ತಿಗೆ 29.5ಕ್ಕೆ ಏರಿತ್ತು.

ಆಸ್ಪತ್ರೆಯ ಹೊಸ್ತಿಲಲ್ಲಿಯೇ ನಿಲ್ಲದೆ ಅವರು ಹನ್ನೆರಡು ಶಾಲೆಗಳ 6,550 ಮಕ್ಕಳನ್ನೂ ಪರೀಕ್ಷಿಸಿದರು. ವಾಹನಗಳು ವಿರಳವಾದೆಡೆ ನೂರಕ್ಕೆ 11.15, ನಿಬಿಡವಾದೆಡೆ 19.34, ವಾಹನದೊಡನೆ ಬಡತನವೂ ಕೂಡಿದಲ್ಲಿ 31.14! ಉಬ್ಬಸವು ಬರಿಯ ವಂಶದ ಬಳುವಳಿಯೆಂದು ಕೈಚೆಲ್ಲಿ ಕುಳಿತಿದ್ದವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ನಾನರಿಯೆ. ಗ್ರಾಮಾಂತರದಲ್ಲಿ ಅವರು ಕಂಡದ್ದು 5.7 ಮಾತ್ರ. ಈ ಅಂಕಿಯನ್ನು ಓದಿ ಹಳ್ಳಿಗರಾದ ನಾವು ಎದೆಯುಬ್ಬಿಸಿದರೆ, ಮುಂದೆ ಅದೇ ಎದೆ ಉಬ್ಬಸದಿಂದ ಏದೀತು.

ಏಕೆಂದರೆ ಹಳ್ಳಿಯ ಗಾಳಿಯೂ ಈಗ ಹಿಂದಿನಂತಿಲ್ಲ. ಚನ್ನಗಿರಿಯ ಕಡೆ ಅಡಿಕೆ ಸುಲಿದ ಮೇಲೆ ರಸ್ತೆಯ ಬದಿಯಲ್ಲಿ ರಾಶಿ ಬಿದ್ದ ಸಿಪ್ಪೆಗೆ ಬೆಂಕಿಯಿಟ್ಟರೆ ಹೊಗೆ ದಿನಗಟ್ಟಲೆ ಸುತ್ತುತ್ತದೆ. ಹೊನ್ನಾಳಿ, ನ್ಯಾಮತಿಗಳಲ್ಲಿ ಭತ್ತ, ಮೆಕ್ಕೆಜೋಳಗಳ ಒಕ್ಕಣೆಯ ದೂಳು ಕಣವನ್ನು ದಾಟಿ ಮನೆಯೊಳಗೆ ಬರುತ್ತದೆ. ಜಗಳೂರಿನ ಬೀಳುಗಳಲ್ಲಿ ಕಾಂಗ್ರೆಸ್ ಗಿಡವು ನಿರಾತಂಕವಾಗಿ ಹೂಬಿಡುತ್ತದೆ. ಆ ಗಿಡದ ಪರಾಗವು ಮೂಗಿನ ಅಲರ್ಜಿಗೆ ಕಾರಣವೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತು ಸಂಗಡಿಗರು 1991ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಲಂಡನ್ನಿನಲ್ಲಿ ವಿಲಿಯಂ ಫ್ರಾಂಕ್‌ಲ್ಯಾಂಡ್ ಎಂಬ ವೈದ್ಯರು, 108 ವರ್ಷ ಬಾಳಿ 2020ರಲ್ಲಿ ತೀರಿಕೊಂಡವರು, ಗಾಳಿಯಲ್ಲಿನ ಪರಾಗವನ್ನು ಎಣಿಸಿ ಆ ಲೆಕ್ಕವನ್ನು ಹವಾಮಾನದ ವರದಿಯಂತೆ ಜನರಿಗೆ ತಿಳಿಸುವ ಪದ್ಧತಿಯನ್ನು ಬಳಕೆಗೆ ತಂದರು. ಅಷ್ಟು ದೊಡ್ಡ ಸಾಹಸವನ್ನು ನಮ್ಮ ತಾಲ್ಲೂಕು ಆಸ್ಪತ್ರೆಗಳಿಂದ ಈಗಲೇ ಬೇಡುವುದು ನ್ಯಾಯವಲ್ಲ.

ಬೇಡುವುದು ಸ್ವಲ್ಪ. ದಮ್ಮು, ಕೆಮ್ಮು, ನೆಗಡಿಯೆಂದು ಬಂದವರ ಹೆಸರು ವಯಸ್ಸುಗಳನ್ನು ಬರೆಯುವ ರಿಜಿಸ್ಟರಿನಲ್ಲಿ ಇನ್ನೆರಡು ಕಾಲಮ್ಮುಗಳನ್ನು ಎಳೆಯಲಿ: ಕಳೆದ ವಾರ ಮಾಡಿದ ಕೆಲಸ ಯಾವುದು, ಮನೆಯ ಹತ್ತಿರ ಸುಟ್ಟದ್ದು ಏನು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ತಾಲ್ಲೂಕುಗಳ ವೈದ್ಯಾಧಿಕಾರಿಗಳು ಮನಸ್ಸು ಮಾಡಿದರೆ, ಮುಂದಿನ ಅಡಿಕೆ ಸುಗ್ಗಿಯಿಂದಲೇ ಈ ಬರಹವು ಮೊದಲಾಗಬಹುದು.