ಆರೋಪಿಗೂ ವಕೀಲರು ಬೇಕು



ವರದಕ್ಷಿಣೆ ಕಿರುಕುಳದ ದೂರು ದಾಖಲಾಯಿತೆಂದರೆ ಸಾಕು, ಗಂಡನ ಮನೆಯವರು ರಾತ್ರೋರಾತ್ರಿ ಬೀಗ ಹಾಕಿಕೊಂಡು ಊರು ಬಿಡುತ್ತಾರೆ. ಬೀಗ ನೋಡಿದ ಕೂಡಲೇ ಬೀದಿಯವರ ತೀರ್ಪೂ ಆಗಿಹೋಗುತ್ತದೆ. ಓಡಬೇಡಿ ಎಂದು ಹೇಳುವವರೇ ಇಲ್ಲ.

ಏಳು ವರ್ಷದವರೆಗೆ ಶಿಕ್ಷೆಯಿರುವ ಪ್ರಕರಣಗಳಲ್ಲಿ ದೂರು ಬಂದ ಮಾತ್ರಕ್ಕೆ ಬಂಧಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಬಂಧಿಸುವುದಾದರೆ ಪೊಲೀಸರು ಕಾರಣ ಬರೆದಿಡಬೇಕು. ಇಲ್ಲವೇ ಹಾಜರಾಗಲು ನೋಟಿಸ್ ಕೊಡಬೇಕು. ವರದಕ್ಷಿಣೆ ಕಿರುಕುಳಕ್ಕೆ ಹಾಕುವ ಹಳೆಯ ದಂಡ ಸಂಹಿತೆಯ 498ಎ, ಅಂದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂನಲ್ಲಿ ಗರಿಷ್ಠ ಶಿಕ್ಷೆ ಮೂರು ವರ್ಷ. ನೋಟಿಸಿಗೆ ಹಾಜರಾಗದೆ ತಲೆಮರೆಸಿಕೊಂಡರೆ ಈ ರಕ್ಷಣೆಯನ್ನು ಕೈಯಾರೆ ಕಳೆದುಕೊಂಡಂತೆ.

ನಮ್ಮ ತಾಲ್ಲೂಕು ಕೋರ್ಟಿನ ಜಗಲಿಯಲ್ಲಿ ಎಪ್ಪತ್ತು ದಾಟಿದ ಅತ್ತೆಯೊಬ್ಬರು ಸಮನ್ಸನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಕೂತಿದ್ದರು. ವಕೀಲರ ಫೀಸಿಗೆ ಓಲೆ ಅಡವಿಟ್ಟಿದ್ದರಂತೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ದೂರು ಕೊಟ್ಟ ಸೊಸೆಗೂ ಸರಿ, ಆರೋಪ ಹೊತ್ತ ಅತ್ತೆಗೂ ಸರಿ. ಬಂಧನದಲ್ಲಿರುವ ಗಂಡಸರಿಗೂ ಈ ಹಕ್ಕಿದೆ. ಇದನ್ನು ಆ ಅಜ್ಜಿಗೆ ಯಾರೂ ಹೇಳಿರಲಿಲ್ಲ.

ಹೊಡೆತ ತಿಂದವಳ ದೂರನ್ನು ಹಗುರ ಮಾಡಲು ಈ ಮಾತು ಹೇಳುತ್ತಿಲ್ಲ. ಆರೋಪಿಯ ಪರ ಸರಿಯಾದ ವಕೀಲರಿದ್ದಾಗಲೇ ಅವಳ ಸಾಕ್ಷ್ಯವೂ ಗಟ್ಟಿಯಾಗಿ ನಿಲ್ಲುವುದು. ಪೊಲೀಸರು ಕೊಡುವ ನೋಟಿಸಿನ ಹಿಂಬದಿಯಲ್ಲೇ ಕಾನೂನು ನೆರವಿನ ಸಹಾಯವಾಣಿ 15100 ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಲು ಗೃಹ ಇಲಾಖೆ ಆದೇಶಿಸಲಿ.

– ಓದುಗ, ತಿಪಟೂರು