ಕ್ರೆಡಿಟ್ ಎಂಬ ಹುಂಡಿ ಗಡಿಯಾಚೆ ನಡೆದೀತೆ?

ಕಮಲಾಪುರದ ಹುಡುಗನೊಬ್ಬ ಕಲಬುರಗಿಯಲ್ಲಿ ಎರಡು ವರ್ಷ ಬಿ.ಎ. ಓದಿದ್ದಾನೆನ್ನಿ. ದಾಲ್ ಮಿಲ್ಲಿನಲ್ಲಿ ಕೂಲಿಯಾಗಿದ್ದ ತಂದೆ ಕೆಲಸ ತಪ್ಪಿ ಸೊಲ್ಲಾಪುರಕ್ಕೆ ಹೊರಟ, ಸಂಸಾರವೂ ಹೊರಟಿತು. ಆ ಎರಡು ವರ್ಷದ ಓದು ಜೊತೆಗೆ ಬರುವುದೆ?

ಬರುವುದೆಂದು ದಿಲ್ಲಿಯವರ ಉತ್ತರ. 2021ರ ಜುಲೈಯಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ನಿಯಮ ಹೊರಡಿಸಿ ಕ್ರೆಡಿಟ್ ಬ್ಯಾಂಕನ್ನು ತೆರೆಯಿತು. ಇಲ್ಲಿ ಕ್ರೆಡಿಟ್ ಎಂದರೆ ಉದ್ರಿಯಲ್ಲ. ವಾರಕ್ಕೊಂದು ಗಂಟೆಯಂತೆ ಒಂದು ಸೆಮಿಸ್ಟರ್ ಪಾಠ ಕೇಳಿ ಪಾಸಾದರೆ ಒಂದು ಕ್ರೆಡಿಟ್. ಮೂರು ವರ್ಷದ ಪದವಿಗೆ ಸುಮಾರು 120. ಗಳಿಸಿದ್ದು ವಿದ್ಯಾರ್ಥಿಯ ಖಾತೆಗೆ ಜಮೆಯಾಗಿ ಹೆಚ್ಚೆಂದರೆ 7 ವರ್ಷ ಬಾಳುತ್ತದೆ.

ಗಂಜಿನ ವ್ಯಾಪಾರಿ ಬಂಧುಗಳು ಹುಂಡಿಯನ್ನು ಬಲ್ಲರು. ಕಲಬುರಗಿಯಲ್ಲಿ ಬರೆದ ಹುಂಡಿಗೆ ಸೊಲ್ಲಾಪುರದ ಪೇಢಿಯವನು ಹಣ ಎಣಿಸದಿದ್ದರೆ ಅದು ಬರೀ ಕಾಗದ. ಇಲ್ಲಿಯೂ ಯಾವ ಪಾಠ ಯಾವುದಕ್ಕೆ ಸಮ, ಎಷ್ಟನ್ನು ಒಪ್ಪಬೇಕು ಎಂಬುದೆಲ್ಲ ಹೋಗಿ ಸೇರುವ ವಿಶ್ವವಿದ್ಯಾಲಯದ ಕೈಯಲ್ಲಿದೆ. ಪದವಿ ಕೊಡುವ ಸಂಸ್ಥೆಯಲ್ಲೇ ಅರ್ಧದಷ್ಟಾದರೂ ಗಳಿಸಿರಬೇಕೆಂದು ಅದೇ 2021ರ ನಿಯಮ ಹೇಳಿತು. ಹಾಗೆ ನೋಡಿದರೆ ಎರಡು ವರ್ಷದ 80ರಲ್ಲಿ 60 ನಡೆದೀತು. ಉಳಿದ 20, ಅಂದರೆ ಅರ್ಧ ವರ್ಷದ ದುಡಿಮೆ, ಮಣ್ಣುಪಾಲು! ಉಳ್ಳವರ ಮಗನಿಗೆ ಅರ್ಧ ವರ್ಷ ದೊಡ್ಡದಲ್ಲ. ಕೂಲಿಯ ಮಗ ಅಲ್ಲಿಗೇ ಓದು ಬಿಟ್ಟು ಮಿಲ್ಲಿನ ಬಾಗಿಲಿಗೆ ಬರುತ್ತಾನೆ.

ನಮ್ಮ ರಾಜ್ಯದ ಮನಸ್ಸೂ ನಿಂತಲ್ಲಿ ನಿಲ್ಲಲಿಲ್ಲ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರಾಯಿತು. ಅದರ ಸರಿತಪ್ಪು ಬೇರೆ ಮಾತು. ಲೆಕ್ಕ ಹೊಂದಿಸುವ ಪಾಡು ಹುಡುಗರದು.

1956ರಲ್ಲಿ ರಾಜ್ಯದ ಗಡಿಯೇ ಸರಿದಾಗ ಉಸ್ಮಾನಿಯಾದ ಕೆಳಗಿದ್ದ ಇಲ್ಲಿಯ ಕಾಲೇಜು ಶಿಕ್ಷಣ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡೆಗೆ ಬಂತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಅವೆಲ್ಲ ಸರಕಾರಗಳ ನಡುವಿನ ಏರ್ಪಾಡು. ಗಡಿ ದಾಟುವವನು ಒಬ್ಬ ಬಡ ಹುಡುಗನಾದರೆ ಮಾತ್ರ ಅವನೇ ಕಚೇರಿಯಿಂದ ಕಚೇರಿಗೆ ಅಲೆಯಬೇಕೆ?

ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದ ಸರಕಾರಗಳು ಗಡಿ ಜಿಲ್ಲೆಗಳ ವಿಶ್ವವಿದ್ಯಾಲಯಗಳನ್ನು ಒಂದೆಡೆ ಕೂಡಿಸಿ, ಯಾವ ಪಾಠಕ್ಕೆ ಯಾವುದು ಸಮವೆಂಬ ಪಟ್ಟಿಯನ್ನು ಮೊದಲೇ ಪ್ರಕಟಿಸಲಿ. ಎಷ್ಟು ಕ್ರೆಡಿಟ್ ಒಪ್ಪಿದೆವೆಂದು ಫೀ ಕಟ್ಟಿಸಿಕೊಳ್ಳುವ ಮುಂಚೆಯೇ ಬರೆದು ಕೊಡಲಿ. ಇದನ್ನು ನಾವು ಕೇಳಿಯೇ ತೀರುತ್ತೇವೆ.

ಅಲ್ಲಿಯವರೆಗೆ, ಊರು ಬಿಡುವ ಮುನ್ನ ತಂದೆತಾಯಿಗಳು ಕಾಲೇಜಿಗೆ ಒಮ್ಮೆ ಹೋಗಿ ಬರಬೇಕು. ಜಮೆ ಮಾಡುವವರು ಕಾಲೇಜು-ವಿಶ್ವವಿದ್ಯಾಲಯದವರೇ ಹೊರತು ವಿದ್ಯಾರ್ಥಿಯಲ್ಲ. ಖಾತೆಯಲ್ಲಿ ಎಲ್ಲ ಸೆಮಿಸ್ಟರಿನದೂ ಏರಿದೆಯೇ ನೋಡಿ, ಪಠ್ಯಕ್ರಮದ ಪ್ರತಿಗೆ ಮೊಹರು ಹಾಕಿಸಿಕೊಂಡೇ ರೈಲು ಹತ್ತಿರಿ.